ಸಾಹಸವನ್ನು ಹೊಸ್ತಿಲಿನಿಂದ ಅಳೆಯಿರಿ

2024ರ ಗಣರಾಜ್ಯೋತ್ಸವ ಶುಕ್ರವಾರ ಬಂದಿತ್ತು. ಮುಂದಿನ ಎರಡು ದಿನವೂ ರಜೆ. ಬೆಂಗಳೂರಿನಿಂದ ರಾತ್ರೋರಾತ್ರಿ ಹೊರಟ ಟೆಂಪೊ ಟ್ರಾವೆಲರುಗಳು ಬೆಳಗಾಗುವಷ್ಟರಲ್ಲಿ ಕುಕ್ಕೆ ಸುಬ್ರಹ್ಮಣ್ಯ ತಲುಪಿದವು, ಕುಮಾರ ಪರ್ವತದ ದಾರಿ ತುಂಬಿಹೋಯಿತು. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಬಳಿ ಸಾವಿರಾರು ಚಾರಣಿಗರು ಒತ್ತೊತ್ತಾಗಿ ನಿಂತ ವಿಡಿಯೊ ರಾಜ್ಯವನ್ನೆಲ್ಲ ಸುತ್ತಿತು. ಆ ದಾರಿಯಲ್ಲೇ ಸಿಗುವ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ ಉಂಡು ನಕ್ಷತ್ರ ನೋಡುತ್ತಾ ಮಲಗಿದ್ದ ಹಳೆಯ ಚಾರಣಿಗರಿಗೆ ಅದು ತಮ್ಮದೇ ಬೆಟ್ಟ ಎಂದು ನಂಬುವುದು ಕಷ್ಟವಾಯಿತು. ಕೆಲವೇ ದಿನಗಳಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ಪಥಗಳಿಗೆ ತಾತ್ಕಾಲಿಕ ನಿರ್ಬಂಧ ಹೇರಿದರು.

ಆಮೇಲೆ ನಡೆದ ಚರ್ಚೆ ಪ್ಲಾಸ್ಟಿಕ್ ಬಾಟಲಿ, ಕಾಡಿನ ಧಾರಣಾ ಶಕ್ತಿ, ದಿನಕ್ಕೆ ಎಷ್ಟು ಜನರನ್ನು ಬಿಡಬೇಕು ಎಂಬುದರ ಸುತ್ತ ಸುತ್ತಿತು. ಅದು ನಡೆಯಲೇಬೇಕಾದ ಚರ್ಚೆ. ಆದರೆ ಅದಕ್ಕೂ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಬೀದರಿನಿಂದ ಚಾಮರಾಜನಗರದವರೆಗೆ ಬೆಟ್ಟ, ಹೊಳೆ, ಕೋಟೆ, ಕಾಡು ಹರಡಿಕೊಂಡಿರುವ ನಾಡಿನಲ್ಲಿ, ಅಷ್ಟೊಂದು ಮಂದಿಗೆ ಅದೇ ಬೆಳಿಗ್ಗೆ ಅದೇ ಬೆಟ್ಟವೇ ಯಾಕೆ ಬೇಕಾಯಿತು?

ಸಾಹಸ ಎಂದರೆ ಏನು ಎಂಬುದನ್ನು ಅವರೆಲ್ಲರಿಗೂ ಬೇರೆ ಯಾರೋ ನಿರ್ಧರಿಸಿ ಕೊಟ್ಟಿದ್ದರು, ಅದಕ್ಕೆ. ಎತ್ತರದಲ್ಲಿರಬೇಕು, ದೂರದಲ್ಲಿರಬೇಕು, ಜೀವಕ್ಕೆ ಒಂದಿಷ್ಟು ಅಪಾಯ ಇರಬೇಕು, ಕೈಯಿಂದ ಸಾಕಷ್ಟು ದುಡ್ಡು ಬಿಡಬೇಕು, ಕೊನೆಗೆ ಅದರ ಚಿತ್ರ ನಾಲ್ಕು ಜನರ ಮೊಬೈಲ್ ತಲುಪಬೇಕು. ಪ್ರವಾಸ ಪುರವಣಿಗಳು ಇದನ್ನೇ ಬರೆಯುತ್ತವೆ, ಟ್ರೆಕ್ಕಿಂಗ್ ಕಂಪನಿಗಳು ಇದನ್ನೇ ಮಾರುತ್ತವೆ, ರೀಲುಗಳು ಇದನ್ನೇ ತೋರಿಸುತ್ತವೆ. ಈ ಅಳತೆಗೋಲು ತಪ್ಪು. ಲಕ್ಷಾಂತರ ಜನರ ನಿಜವಾದ ಸಾಹಸ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಸಾಹಸವೇ ಇಲ್ಲದ ಕಡೆ ಅದು ಸಾಹಸದ ಬಿರುದು ಕೊಡುತ್ತದೆ. ಅದನ್ನು ನಂಬಿ ಪ್ರಾಣ ಕಳೆದುಕೊಂಡವರೂ ಇದ್ದಾರೆ.

ಎತ್ತರದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. 1953ರ ಮೇ 29ರಂದು ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಎವರೆಸ್ಟಿನ ತುದಿಯಲ್ಲಿ ನಿಂತಾಗ, ಆ ಎತ್ತರದಲ್ಲಿ ಮನುಷ್ಯನ ದೇಹ ತಡೆದುಕೊಳ್ಳುತ್ತದೆಯೇ, ಕೊನೆಯ ಏರಿನ ಆಚೆ ಏನಿದೆ ಎಂಬುದು ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಅದು ಸಾಹಸ. ಅದೇ ಪರ್ವತದ ಇನ್ನೊಂದು ಚಿತ್ರವನ್ನು 2019ರ ಮೇ 22ರಂದು ನೇಪಾಳಿ ಪರ್ವತಾರೋಹಿ ನಿರ್ಮಲ್ ಪುರ್ಜಾ ತೆಗೆದರು. ಬಣ್ಣ ಬಣ್ಣದ ಜಾಕೆಟ್ ತೊಟ್ಟ ನೂರಾರು ಮಂದಿ ಒಂದೇ ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿಕೊಂಡು ಶಿಖರದ ಕೆಳಗೆ ಸರತಿಯಲ್ಲಿ ನಿಂತಿದ್ದಾರೆ. ಆ ಹಗ್ಗವನ್ನು ಋತುವಿನ ಮೊದಲಲ್ಲೇ ಶೆರ್ಪಾಗಳು ಕಟ್ಟಿರುತ್ತಾರೆ. ಖುಂಬು ಹಿಮಪ್ರಪಾತದ ಬಿರುಕುಗಳಿಗೆ ಏಣಿ ಹಾಸುವುದಕ್ಕೆಂದೇ ‘ಐಸ್‌ಫಾಲ್ ಡಾಕ್ಟರ್’ ಎಂಬ ತಂಡವಿದೆ. ನೇಪಾಳ ಸರ್ಕಾರ ಆಗ ಒಬ್ಬರಿಗೆ 11,000 ಡಾಲರ್ ಪರವಾನಗಿ ಶುಲ್ಕ ಪಡೆಯುತ್ತಿತ್ತು. 2025ರಲ್ಲಿ ಅದು 15,000 ಡಾಲರ್ ಆಗಿದೆ. 2019ರ ಆ ಒಂದೇ ಋತುವಿನಲ್ಲಿ ಎವರೆಸ್ಟಿನಲ್ಲಿ 11 ಮಂದಿ ಸತ್ತರು.

ಆ ಸಾಲಿನಲ್ಲಿ ನಿಂತವರ ದೈಹಿಕ ಕಷ್ಟವನ್ನು ಇಲ್ಲಿ ಯಾರೂ ಅಲ್ಲಗಳೆಯುತ್ತಿಲ್ಲ. ವರ್ಷಗಟ್ಟಲೆ ಮೈ ಹುರಿಗೊಳಿಸಿದವರು, ಮನೆ ಅಡವಿಟ್ಟು ಹೋದವರು ಅಲ್ಲಿ ಇರುತ್ತಾರೆ. ಆದರೆ ಕಷ್ಟ ಬೇರೆ, ಸಾಹಸ ಬೇರೆ. ದಾರಿಯನ್ನು ಇನ್ನೊಬ್ಬರು ಹುಡುಕಿ, ಹಗ್ಗವನ್ನು ಇನ್ನೊಬ್ಬರು ಬಿಗಿದು, ಆಮ್ಲಜನಕದ ಸಿಲಿಂಡರನ್ನು ಇನ್ನೊಬ್ಬರು ಹೊತ್ತು, ಯಾವ ಗಂಟೆಗೆ ಹೊರಡಬೇಕೆಂಬುದನ್ನೂ ಇನ್ನೊಬ್ಬರೇ ನಿರ್ಧರಿಸಿದ ಮೇಲೆ 8,848 ಮೀಟರ್ ಎತ್ತರವೂ ಪರಿಚಿತ ದಾರಿಯೇ. ಆ ಪರ್ವತದಲ್ಲಿ ಇಂದಿಗೂ ನಿಜವಾದ ಸಾಹಸ ಮಾಡುತ್ತಿರುವವರು ಪ್ರತಿ ವಸಂತದಲ್ಲೂ ಎಲ್ಲರಿಗಿಂತ ಮೊದಲು ಹಿಮಪ್ರಪಾತಕ್ಕೆ ಕಾಲಿಡುವ ಆ ಏಣಿ ಕಟ್ಟುವವರು.

ಇನ್ನು ರೋಮಾಂಚನ. ದಾಂಡೇಲಿ ಕಡೆಯ ಗಣೇಶಗುಡಿಯಲ್ಲಿ ಕಾಳಿ ನದಿಯ ರ‍್ಯಾಫ್ಟಿಂಗ್ ಕರ್ನಾಟಕದ ಸಾಹಸ ಪ್ರವಾಸೋದ್ಯಮದ ಹೆಮ್ಮೆ. ಹೆಲ್ಮೆಟ್, ಲೈಫ್ ಜಾಕೆಟ್, ಗೈಡ್ ಎಲ್ಲ ಇರುತ್ತದೆ. ತೆಪ್ಪ ಸುಳಿಗೆ ಬಿದ್ದು ಮೇಲೇಳುವಾಗ ಎದೆ ಝಲ್ಲೆನ್ನುತ್ತದೆ, ಅದು ಸುಳ್ಳಲ್ಲ. ಆದರೆ ಅಲ್ಲಿ ನೀರಿನ ರಭಸ ಇರುವುದು ಮೇಲಿನ ಸೂಪಾ ಅಣೆಕಟ್ಟೆಯಿಂದ ವಿದ್ಯುತ್ತಿಗಾಗಿ ನೀರು ಬಿಟ್ಟಾಗ. ನೀರು ಬಿಡದಿದ್ದರೆ ರ‍್ಯಾಫ್ಟಿಂಗ್ ಇಲ್ಲ. ಇದೊಂದು ಒಳ್ಳೆಯ ಆಟ, ಮಕ್ಕಳನ್ನು ಕರೆದುಕೊಂಡು ಹೋಗಿ ಆಡಬೇಕಾದ ಆಟ. ಅದನ್ನು ಸಾಹಸ ಎಂದು ಕರೆದಾಗ ಜಾತ್ರೆಯ ತೊಟ್ಟಿಲಿಗೂ ಪ್ರಯಾಣಕ್ಕೂ ವ್ಯತ್ಯಾಸ ಅಳಿಸಿಹೋಗುತ್ತದೆ. ಜಾತ್ರೆಯ ತೊಟ್ಟಿಲೂ ಎದೆ ಝಲ್ಲೆನ್ನಿಸುತ್ತದೆ. ಇಳಿದ ಮೇಲೆ ಹತ್ತಿದವರು ಹತ್ತಿದ ಹಾಗೆಯೇ ಇರುತ್ತಾರೆ.

ಈ ಗೊಂದಲಕ್ಕೆ ನಮ್ಮ ಪದವೂ ಸ್ವಲ್ಪ ಹೊಣೆ. ‘ಸಾಹಸ’ ಎಂಬುದು ಸಂಸ್ಕೃತದಿಂದ ಬಂದದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಬಲಾತ್ಕಾರದಿಂದ ಎಸಗುವ ಅಪರಾಧದ ಹೆಸರು. ರನ್ನನ ಗದಾಯುದ್ಧಕ್ಕೆ ‘ಸಾಹಸಭೀಮ ವಿಜಯ’ ಎಂಬ ಹೆಸರೂ ಉಂಟು. ಅಲ್ಲಿ ಸಾಹಸ ಎಂದರೆ ಗದೆ, ತೊಡೆ, ರಕ್ತ. ವಿಷ್ಣುವರ್ಧನ್ ‘ಸಾಹಸಸಿಂಹ’ ಆದದ್ದು ತೆರೆಯ ಮೇಲಿನ ಹೊಡೆದಾಟದಿಂದ. ಕನ್ನಡ ಕಿವಿಗೆ ಸಾಹಸ ಎಂದ ಕೂಡಲೇ ತೋಳು ತಟ್ಟುವ ಸದ್ದು ಕೇಳಿಸುತ್ತದೆ. ಪ್ರವಾಸದಲ್ಲೂ ಅದೇ ಸದ್ದನ್ನು ಹುಡುಕುವುದು ಅಭ್ಯಾಸವಾಗಿಬಿಟ್ಟಿದೆ. ಸದ್ದಿಲ್ಲದೆ ನಡೆಯುವುದು ಕಣ್ಣಿಗೆ ಬೀಳುವುದಿಲ್ಲ.

ಹಾಗೆ ಕಣ್ಣಿಗೆ ಬೀಳದೆ ಹೋದ ಒಂದು ಪಯಣ 2018ರ ಜನವರಿಯಲ್ಲಿ ಮೈಸೂರಿನಿಂದ ಹೊರಟಿತು. ಹಳೆಯ ಬಜಾಜ್ ಚೇತಕ್ ಸ್ಕೂಟರ್. ಓಡಿಸುತ್ತಿದ್ದದ್ದು ಕೆಲಸ ಬಿಟ್ಟು ಬಂದ ಮಗ, ಹಿಂದೆ ಕೂತಿದ್ದದ್ದು ಎಪ್ಪತ್ತರ ಆಸುಪಾಸಿನ ತಾಯಿ. ಕೂಡುಕುಟುಂಬದ ಅಡುಗೆಮನೆಯಲ್ಲಿ ಬದುಕು ಸವೆಸಿದ್ದ ಆ ತಾಯಿ, ಹತ್ತಿರದ ಬೇಲೂರು ಹಳೇಬೀಡನ್ನೂ ತಾನು ನೋಡಿಲ್ಲ ಎಂದದ್ದೇ ಆ ಪ್ರಯಾಣಕ್ಕೆ ಕಾರಣ. ಭಾರತದ ಉದ್ದಗಲ ಸುತ್ತಿ, ನೇಪಾಳ, ಭೂತಾನ್, ಮ್ಯಾನ್ಮಾರ್ ಹೊಕ್ಕು, ಅವರು 50,000 ಕಿಲೋಮೀಟರಿಗೂ ಹೆಚ್ಚು ಕ್ರಮಿಸಿದರು. ಸುದ್ದಿ ಪತ್ರಿಕೆಗಳಲ್ಲೇನೋ ಬಂತು, ಸುದ್ದಿಯಾದವನು ಮಾತ್ರ ಮಗ. ‘ಆಧುನಿಕ ಶ್ರವಣಕುಮಾರ’ ಎಂದರು. ಆ ಮಗನ ಮೇಲಿನ ಗೌರವಕ್ಕೆ ಎಳ್ಳಷ್ಟೂ ಕುಂದಿಲ್ಲ. ಆದರೆ ಶ್ರವಣಕುಮಾರನ ಕಾವಡಿಯಲ್ಲಿ ಕೂತವರು ಕುರುಡರು. ಚೇತಕ್ಕಿನ ಹಿಂದೆ ಕೂತ ಈ ತಾಯಿ ಎರಡೂ ಕಣ್ಣು ತೆರೆದು ಲೋಕವನ್ನು ನೋಡುತ್ತಾ ಹೋದವರು. ಅಡುಗೆಮನೆಯಿಂದ ಗಡಿಯಾಚೆಗೆ, ಆ ವಯಸ್ಸಿನಲ್ಲಿ, ಬೆನ್ನಿಗೆ ಆಸರೆಯಿಲ್ಲದ ಸೀಟಿನಲ್ಲಿ. ಅದು ಆಕೆಯ ಸಾಹಸ. ಅದನ್ನು ಮಗನ ಪುಣ್ಯದ ಖಾತೆಗೆ ಬರೆದು ಕೈತೊಳೆದುಕೊಂಡದ್ದು ಈ ಅಳತೆಗೋಲಿನ ಅನ್ಯಾಯಕ್ಕೆ ಸಾಕ್ಷಿ.

ಇದಕ್ಕಿಂತ ದೊಡ್ಡ ಅನ್ಯಾಯ ದಿನವೂ ಬಸ್‌ಸ್ಟ್ಯಾಂಡುಗಳಲ್ಲಿ ನಡೆಯುತ್ತಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಸಿಕ್ಕಿತು. 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳ ಲೆಕ್ಕ 500 ಕೋಟಿ ದಾಟಿತು. ಅದರ ಖರ್ಚು, ನಿಗಮಗಳ ಸಾಲ, ಬಸ್ಸುಗಳ ಕೊರತೆ ಇವೆಲ್ಲ ಬೇರೆ ಚರ್ಚೆ. ಆದರೆ ಮೊದಲ ವಾರದಿಂದಲೇ ಎದ್ದ ಒಂದು ಕುಹಕ ಇಂದಿಗೂ ನಿಂತಿಲ್ಲ: ಪುಕ್ಕಟೆ ಸಿಕ್ಕಿತು ಅಂತ ಈ ಹೆಂಗಸರು ಊರೂರು ತಿರುಗುತ್ತಾರೆ, ಮನೆ ಮಠ ಬಿಟ್ಟು ಧರ್ಮಸ್ಥಳ, ಹೊರನಾಡು, ಶೃಂಗೇರಿ ಅಂತ ಅಲೆಯುತ್ತಾರೆ. ವಾರಾಂತ್ಯಕ್ಕೆ ಸಾವಿರಾರು ರೂಪಾಯಿ ಕೊಟ್ಟು ಬೆಟ್ಟ ಹತ್ತುವವನಿಗೆ ಶಹಬಾಸ್ ಎನ್ನುವ ಬಾಯಿಯೇ ಇದನ್ನೂ ಆಡುತ್ತದೆ.

ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಯಾವ ಸಂಜೆ ಹೋಗಿ ನಿಂತರೂ ಅವರು ಕಾಣುತ್ತಾರೆ. ಒಂದೇ ಊರಿನ ಮೂರ್ನಾಲ್ಕು ಜನ, ಐವತ್ತರ ಆಚೀಚೆಯವರು. ಕೈಯಲ್ಲಿ ಜವಳಿ ಅಂಗಡಿಯ ಚೀಲ, ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಜೊತೆ ಸೀರೆ. ಸಣ್ಣ ಪರ್ಸಿನಲ್ಲಿ ಮಡಚಿಟ್ಟ ಆಧಾರ್ ಕಾರ್ಡ್. ಬೋರ್ಡು ಓದಲು ಬಾರದವಳು ಕಂಡಕ್ಟರನ್ನು ಕೇಳುತ್ತಾಳೆ, “ಯಣ್ಣಾ, ಧರ್ಮಸ್ಥಳದ ಬಸ್ ಎಲ್ಲಿ ನಿಂದರತೈತ್ರಿ?” ಅವನು, “ಇದ ಐತಿ ಬೇ ಯವ್ವಾ, ಏರ್ರಿ” ಎನ್ನುತ್ತಾನೆ. ಅವಳು ಹತ್ತುವುದಿಲ್ಲ. ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾಳೆ. ಹತ್ತಿ ಕೂತ ಮೇಲೂ ಚೀಲವನ್ನು ತೊಡೆಯಿಂದ ಕೆಳಗಿಳಿಸುವುದಿಲ್ಲ. ಕೊಟ್ಟ ಶೂನ್ಯ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾಳೆ. ರಾತ್ರಿಯೆಲ್ಲ ಬಸ್ಸು ಅವಳು ಹೆಸರು ಮಾತ್ರ ಕೇಳಿದ ಊರುಗಳನ್ನು ದಾಟುತ್ತಾ ಹೋಗುತ್ತದೆ.

ಇಂಥವರಲ್ಲಿ ಎಷ್ಟೋ ಮಂದಿ ತವರು ಮತ್ತು ಗಂಡನ ಮನೆಯ ನಡುವಿನ ದಾರಿ ಬಿಟ್ಟು ಬೇರೆ ದಾರಿಯನ್ನು ಗಂಡಸರ ಜೊತೆಯಿಲ್ಲದೆ ಕಂಡವರಲ್ಲ. ಎಲ್ಲಿ ಇಳಿಯಬೇಕು, ಎಲ್ಲಿ ಮಲಗಬೇಕು, ಕೈತಪ್ಪಿದರೆ ಯಾರನ್ನು ಕೇಳಬೇಕು, ಮನೆಯಲ್ಲಿ ಏನು ಹೇಳಿ ಬರಬೇಕು, ಎಲ್ಲವನ್ನೂ ತಾವೇ ತೀರ್ಮಾನಿಸಿ ಹೊರಟಿದ್ದಾರೆ. ಇದು ಸಾಹಸವಲ್ಲದಿದ್ದರೆ ಆ ಪದವನ್ನು ನಿಘಂಟಿನಿಂದ ತೆಗೆದುಹಾಕಬಹುದು. ಟ್ರೆಕ್ ಲೀಡರನ ಹಿಂದೆ ವಾಟ್ಸ್‌ಆ್ಯಪ್ ಗುಂಪಿನ ಸೂಚನೆಯಂತೆ ನಡೆಯುವ ಇಪ್ಪತ್ತೈದರ ಹುಡುಗನಿಗಿಂತ ಈಕೆ ದಾಟಿದ ದೂರ ದೊಡ್ಡದು. ಅದನ್ನು ಅವಳ ಮನೆಯ ಹೊಸ್ತಿಲಿನಿಂದ ಅಳೆಯಬೇಕು, ಸಮುದ್ರಮಟ್ಟದಿಂದಲ್ಲ.

ದೇವರ ದರ್ಶನಕ್ಕೆ ಹೋಗುವುದು ಸಾಹಸ ಹೇಗಾದೀತು ಎಂದು ಕೇಳುವವರಿದ್ದಾರೆ. ಅವರು ಒಮ್ಮೆ ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದ ರಸ್ತೆಗಳಿಗೆ ಹೋಗಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಭಕ್ತರು ಕಂಬಿ ಹೊತ್ತು, ಸುಡುವ ಬಿಸಿಲಲ್ಲಿ, ನೂರಾರು ಕಿಲೋಮೀಟರ್ ನಡೆದು ಶ್ರೀಶೈಲಕ್ಕೆ ಹೋಗುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ. ಕೊನೆಗೆ ನಲ್ಲಮಲದ ಕಾಡು ದಾಟಬೇಕು. ದಾರಿಯುದ್ದಕ್ಕೂ ಊರವರು ಮಜ್ಜಿಗೆ, ರೊಟ್ಟಿ ಕೊಟ್ಟು, ಬೊಕ್ಕೆ ಎದ್ದ ಕಾಲಿಗೆ ಎಣ್ಣೆ ತಿಕ್ಕಿ ಕಳಿಸುತ್ತಾರೆ. ಭಕ್ತಿಯೇ ಅವರನ್ನು ಹೊರಡಿಸಿದ್ದು ನಿಜ. ನಡೆಯುವ ಕಾಲು ಮಾತ್ರ ಅವರದೇ. ಇಷ್ಟು ದೂರ ಸ್ಪೇನಿನಲ್ಲಿ ನಡೆದು ಸಾಂಟಿಯಾಗೊ ಯಾತ್ರಾಸ್ಥಳ ತಲುಪಿದವರ ಅನುಭವಕ್ಕೆ ಪುಟಗಟ್ಟಲೆ ಜಾಗ ಕೊಡುವ ಪತ್ರಿಕೆ, ಶ್ರೀಶೈಲದ ಮಲ್ಲಯ್ಯನ ಕಂಬಿಯನ್ನು ಜಿಲ್ಲಾ ಪುಟದ ಮೂಲೆಗೆ ಹಾಕುತ್ತದೆ.

ಅಪಾಯವನ್ನು ನಿಜವಾಗಿ ಬಲ್ಲವರು ಅದನ್ನು ಅಳತೆಗೋಲು ಮಾಡಿಕೊಳ್ಳುವುದಿಲ್ಲ. ಐರ್ಲೆಂಡಿನ ಡರ್ವ್ಲಾ ಮರ್ಫಿಗಿಂತ ದೊಡ್ಡ ಉದಾಹರಣೆ ಸಿಗದು. ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಸೈಕಲ್ ಮತ್ತು ಒಂದು ಭೂಪಟ ಪುಸ್ತಕ ಸಿಕ್ಕಿದ್ದೇ ಭಾರತಕ್ಕೆ ಸೈಕಲ್ ತುಳಿಯಬೇಕೆಂದು ನಿಶ್ಚಯಿಸಿದ ಹುಡುಗಿ ಆಕೆ. ಕಾಯಿಲೆಯ ತಾಯಿಯ ಆರೈಕೆ ಮುಗಿದು, ಮೂವತ್ತು ದಾಟಿದ ಮೇಲೆ, 1963ರಲ್ಲಿ ಒಬ್ಬಳೇ ಹೊರಟಳು. ಯುಗೊಸ್ಲಾವಿಯಾದ ಹಿಮದಲ್ಲಿ ತೋಳಗಳು ಮೇಲೆ ಬಿದ್ದಾಗ ಪಿಸ್ತೂಲು ಹಾರಿಸಿ ಬದುಕಿಕೊಂಡಳು. ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ದೆಹಲಿ ಮುಟ್ಟಿದಳು. ಈಗಿನ ಲೆಕ್ಕದ ಪ್ರಕಾರ ಅವಳ ಮುಂದಿನ ಪಯಣಗಳೆಲ್ಲ ಅದಕ್ಕಿಂತ ಭಯಂಕರವಾಗಿರಬೇಕಿತ್ತು. ಹತ್ತು ವರ್ಷದ ನಂತರ, ತಾಯಿಯಾದ ಮೇಲೆ, ಐದು ವರ್ಷದ ಮಗಳ ಕೈಹಿಡಿದು ಅವಳು ಬಂದದ್ದು ಎಲ್ಲಿಗೆ? ನಮ್ಮ ಕೊಡಗಿಗೆ. ಬಸ್ಸು ರೈಲುಗಳಲ್ಲಿ ದಕ್ಷಿಣ ಭಾರತ ಸುತ್ತಿ, ವಿರಾಜಪೇಟೆ ಕಡೆಯ ಹಳ್ಳಿಯೊಂದರ ಹಳೆಯ ಮನೆಯಲ್ಲಿ ತಾಯಿ ಮಗಳು ವಾರಗಟ್ಟಲೆ ನೆಲೆನಿಂತರು. ನೆರೆಹೊರೆಯವರ ಮನೆಗೆ ಹೋದರು, ಕೊಡವರ ರೀತಿನೀತಿ ಕಂಡರು. ಆ ಪಯಣದ ಪುಸ್ತಕ ‘ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್’ 1976ರಲ್ಲಿ ಬಂತು. ತೋಳಗಳನ್ನು ಎದುರಿಸಿದವಳಿಗೆ ಕೊಡಗಿನ ಹಳ್ಳಿಯ ವಾಸ್ತವ್ಯ ಸಪ್ಪೆಯಾಗಲಿಲ್ಲ. ಮಗುವಿನ ಹೆಜ್ಜೆಗೆ ತಕ್ಕಂತೆ ನಡೆದಾಗ ಏನು ಕಾಣುತ್ತದೆ ಎಂಬುದು ಆ ಹೊತ್ತಿನ ಅವಳ ಪ್ರಶ್ನೆಯಾಗಿತ್ತು, ಅದಕ್ಕೆ ಅವಳು ಉತ್ತರ ಹುಡುಕಿದಳು.

ಬ್ರಿಟನ್ನಿನ ಅಲಸ್ಟೇರ್ ಹಂಫ್ರೀಸ್ ಕೂಡ ಇದೇ ದಾರಿಗೆ ಬಂದವನು. 2001ರಿಂದ ನಾಲ್ಕು ವರ್ಷ ಸೈಕಲ್ ಮೇಲೆ ಜಗತ್ತು ಸುತ್ತಿದ, ಸುಮಾರು 74,000 ಕಿಲೋಮೀಟರ್. ಆಮೇಲೆ ಲಂಡನ್ನಿನ ಹೊರವರ್ತುಲ ಹೆದ್ದಾರಿ ಎಂ25ರ ಸುತ್ತ ಹಿಮದಲ್ಲಿ ನಡೆದ. ಮನೆಯ ಹತ್ತಿರದ ಇಂಥ ಸಣ್ಣ ಪಯಣಗಳಿಗೆ ‘ಮೈಕ್ರೊ ಅಡ್ವೆಂಚರ್’ ಎಂದು ಹೆಸರಿಟ್ಟ. ಕೊನೆಗೆ ಒಂದಿಡೀ ವರ್ಷ ತನ್ನ ಮನೆಯ ಸುತ್ತಲಿನ ಒಂದೇ ಒಂದು ನಕಾಶೆಯೊಳಗೆ ತಿರುಗಾಡಿ ಪುಸ್ತಕ ಬರೆದ.

ಆದರೆ ಇದಕ್ಕಾಗಿ ಲಂಡನ್ನಿನ ಕಡೆ ನೋಡಬೇಕಾದ್ದಿಲ್ಲ. ಪೂರ್ಣಚಂದ್ರ ತೇಜಸ್ವಿ ದಶಕಗಟ್ಟಲೆ ಮೂಡಿಗೆರೆಯ ತೋಟ, ಹಳ್ಳ, ಕಾಡುಗಳಲ್ಲೇ ಗಾಳ ಹಾಕಿ ಮೀನಿಗೆ ಕಾದರು, ಕ್ಯಾಮೆರಾ ಹಿಡಿದು ಹಕ್ಕಿಗೆ ಕಾದರು. ಅಂಡಮಾನಿಗೂ ಹೋಗಿ ಬರೆದರು. ಅವರ ಓದುಗರಲ್ಲಿ ಯಾರಿಗೂ ಮೂಡಿಗೆರೆಯದು ಸಣ್ಣ ಲೋಕ, ಅಂಡಮಾನಿನದು ದೊಡ್ಡ ಲೋಕ ಎನ್ನಿಸಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹುಟ್ಟಿದ್ದು 1904ರಲ್ಲಿ. ಅವರು ಅಮೆರಿಕಕ್ಕೆ ಹೋದದ್ದು ಎಪ್ಪತ್ತು ದಾಟಿದ ಮೇಲೆ. ಹೇಮಾವತಿ ದಂಡೆಯ ಹಳ್ಳಿಯ ಕಣ್ಣನ್ನು ಜೊತೆಗೇ ಒಯ್ದು ಆ ದೇಶವನ್ನು ನೋಡಿದರು. ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಚ್.ಎ.ಎಲ್.ನಲ್ಲಿ ಎಂಜಿನಿಯರ್ ಆಗಿದ್ದ ನೇಮಿಚಂದ್ರ ತಮ್ಮ ಗೆಳತಿಯೊಂದಿಗೆ ದಕ್ಷಿಣ ಅಮೆರಿಕಕ್ಕೆ ಹೋಗಿ ಬಂದು ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಬರೆದಾಗ, ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ತಾವೂ ಹೊರಡಬಹುದು ಎಂಬುದು ಮೊದಲ ಸಲ ಹೊಳೆಯಿತು. ಮೂವರದೂ ಮೂರು ಬೇರೆ ಬೇರೆ ಸಾಹಸ. ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಹಾಗಾದರೆ ಎಲ್ಲವೂ ಸಾಹಸವೇ ಎಂಬ ಪ್ರಶ್ನೆ ಬರುತ್ತದೆ. ಖಂಡಿತ ಅಲ್ಲ. ಅಡುಗೆ ಭಟ್ಟರನ್ನೂ ಜೊತೆಗೆ ಕರೆದೊಯ್ಯುವ ಯುರೋಪ್ ಪ್ಯಾಕೇಜಿನಲ್ಲಿ ಹತ್ತು ದಿನಕ್ಕೆ ಏಳು ದೇಶ ನೋಡುವುದು ಸಾಹಸವಲ್ಲ. ಅದರಲ್ಲಿ ತಪ್ಪೂ ಇಲ್ಲ. ದಣಿದ ಜೀವಕ್ಕೆ ಅದೂ ಬೇಕು. ರೆಸಾರ್ಟಿನಲ್ಲಿ ಎರಡು ದಿನ ಮಲಗಿ ಬರುವುದೂ ಅಲ್ಲ. ಹೊರಡುವಾಗ ಗೊತ್ತಿಲ್ಲದ ಏನೋ ಒಂದು ಇರಬೇಕು, ಅದನ್ನು ತಾನೇ ಕಂಡುಕೊಳ್ಳಬೇಕು ಎಂಬ ಹಸಿವಿರಬೇಕು, ದಾರಿ ತಪ್ಪಿದಾಗ ತೀರ್ಮಾನ ತನ್ನದೇ ಆಗಿರಬೇಕು. ಒಬ್ಬನಿಗೆ ಅದು ಶಿಖರದಲ್ಲಿ ಸಿಕ್ಕರೆ ಅವನು ಶಿಖರಕ್ಕೇ ಹೋಗಲಿ. ಇನ್ನೊಬ್ಬಳಿಗೆ ಭಾಷೆ ಬಾರದ ಊರಿನ ಸಂತೆಯಲ್ಲಿ ಸಿಗಬಹುದು. ಮತ್ತೊಬ್ಬನಿಗೆ ತನ್ನೂರ ಹಳ್ಳದ ಮೂಲ ಹುಡುಕಿಕೊಂಡು ನಡೆಯುವುದರಲ್ಲಿ. ಯಾರ ಹಸಿವು ಯಾವುದು ಎಂಬುದನ್ನು ಟ್ರೆಂಡಿಂಗ್ ಪಟ್ಟಿ ಹೇಳಲಾರದು.

ಅಳತೆ ತಪ್ಪಿದ್ದರ ಬೆಲೆ ಬರೀ ಅವಮಾನವಾಗಿದ್ದರೆ ಸಹಿಸಬಹುದಿತ್ತು. 2023ರ ಜುಲೈನಲ್ಲಿ ಕೊಲ್ಲೂರು ಸಮೀಪದ ಅರಿಶಿನಗುಂಡಿ ಜಲಪಾತದ ಅಂಚಿನ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ. ಮುಂಗಾರಿನ ನೀರು ಬೋರ್ಗರೆಯುತ್ತಿತ್ತು, ಗೆಳೆಯ ವಿಡಿಯೊ ಮಾಡುತ್ತಿದ್ದ. ಬೀಳುವ ಆ ಕ್ಷಣವನ್ನೂ ಜನ ಹಂಚಿಕೊಂಡರು. ಆ ಹುಡುಗನನ್ನು ಬೈಯುವುದು ಸುಲಭ. ಅಂಚಿನಲ್ಲಿ ನಿಂತರೆ ಮಾತ್ರ ಬಂದದ್ದು ಸಾರ್ಥಕ ಎಂದು ಅವನ ವಯಸ್ಸಿನವರಿಗೆ ಹಗಲಿರುಳೂ ಹೇಳಿಕೊಟ್ಟವರನ್ನು ಯಾರೂ ಬೈಯಲಿಲ್ಲ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ, ಹೆಚ್ಚಿನವರು ಕರ್ನಾಟಕದವರೇ ಆಗಿದ್ದ 22 ಜನರ ತಂಡದಲ್ಲಿ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಅವರನ್ನು ರೀಲಿನ ಹುಚ್ಚಿನವರ ಸಾಲಿಗೆ ಸೇರಿಸುವುದು ಮಹಾಪರಾಧ. ಬೆಟ್ಟವನ್ನು ಪ್ರೀತಿಸಿ, ವರ್ಷಗಳಿಂದ ನಡೆದವರು ಅವರಲ್ಲಿದ್ದರು, ವಯಸ್ಸಾದವರೂ ಇದ್ದರು. ಆ ಎತ್ತರ ಅವರು ತಮಗಾಗಿ ಆರಿಸಿಕೊಂಡದ್ದು. ಅವರ ಸಾವು ಹೇಳುವುದು ಬೇರೆಯೇ ಮಾತು. ಅಪಾಯವನ್ನು ಬಲ್ಲವರನ್ನೂ ಬೆಟ್ಟ ಒಮ್ಮೊಮ್ಮೆ ಬಿಡುವುದಿಲ್ಲ. ಹಾಗಿರುವಾಗ ಆ ಅಪಾಯವನ್ನು ಏನೂ ಅರಿಯದವರ ಮುಂದೆ ಆಕರ್ಷಣೆಯಾಗಿ ಇಟ್ಟು ಮಾರಲು ಯಾರಿಗೂ ಹಕ್ಕಿಲ್ಲ.

ಪ್ರವಾಸ ಪುರವಣಿಗಳ ಸಂಪಾದಕರಲ್ಲಿ ಒಂದು ಮನವಿ. ‘ಸಾಯುವ ಮೊದಲು ನೋಡಲೇಬೇಕಾದ ಹತ್ತು ಶಿಖರ’ಗಳ ಪಟ್ಟಿಯನ್ನು ಒಂದು ವಾರ ತಡೆಹಿಡಿಯಿರಿ. ವರದಿಗಾರ್ತಿಯೊಬ್ಬರನ್ನು ಸಂಜೆ ಹೊತ್ತಿಗೆ ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿಗೆ ಕಳಿಸಿ. ಕೈಚೀಲ ತೊಡೆಯ ಮೇಲಿಟ್ಟು ಕಿಟಕಿಯಾಚೆ ನೋಡುತ್ತಾ ಕೂತ ಆ ತಾಯಿಯ ಪಕ್ಕದ ಸೀಟಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿಸಿ. ಏನೇನು ಕಂಡಿರಿ ಎಂದು ಅವಳನ್ನು ಕೇಳಿಸಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ, ಮುಖಪುಟದಲ್ಲಿ ಅಚ್ಚು ಹಾಕಿ.